ಬಡಗಿಯ ತಿರುಪು, ಜಗತ್ತಿನ ಸುದ್ದಿ

1865ರ ಏಪ್ರಿಲ್ 14. ರಾತ್ರಿ. ವಾಷಿಂಗ್ಟನ್ನಿನ ಫೋರ್ಡ್ಸ್ ಥಿಯೇಟರ್‌ನಲ್ಲಿ ನಾಟಕ ನಡೀತಾ ಇದೆ. ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ ಹೆಂಡತಿಯ ಜೊತೆ ಕೂತು ನೋಡ್ತಾ ಇದ್ದಾರೆ. ಹಿಂದಿನಿಂದ ಬಂದವನೊಬ್ಬ ತಲೆಗೆ ಗುಂಡು ಹೊಡೆದ. ಮಾರನೇ ದಿನ ಬೆಳಗ್ಗೆ 7 ಗಂಟೆ 22 ನಿಮಿಷಕ್ಕೆ ಲಿಂಕನ್ ಕೊನೆಯುಸಿರೆಳೆದರು.

ಈ ಕಥೆ ನಿಮಗೆ ಗೊತ್ತು. ಲಿಂಕನ್ ಬಗ್ಗೆ ನಾನು ಇವತ್ತು ಮಾತಾಡೋದಿಲ್ಲ. ಆ ಸಾವಿನ ಸುದ್ದಿ ಹೇಗೆ ಓಡಿತು ಅನ್ನೋದನ್ನ ನೋಡೋಣ.

ಅಮೆರಿಕದ ಇನ್ನೊಂದು ತುದಿಯಲ್ಲಿದೆ ಸ್ಯಾನ್ ಫ್ರಾನ್ಸಿಸ್ಕೊ. ಸಾವಿರಾರು ಮೈಲಿ ದೂರ. ನಡುವೆ ಮರುಭೂಮಿ, ಬೆಟ್ಟ, ಬಯಲು. ಅಲ್ಲಿಗೆ ಸುದ್ದಿ ಅದೇ ಏಪ್ರಿಲ್ 15ರಂದೇ ಮುಟ್ಟಿತು. ಲಂಡನ್ನಿಗೆ? ಏಪ್ರಿಲ್ 26ಕ್ಕೆ! ಹನ್ನೊಂದು ದಿನ ತಡ. ಯಾಕೆ ಗೊತ್ತಾ? ಸ್ಯಾನ್ ಫ್ರಾನ್ಸಿಸ್ಕೊಗೆ ತಂತಿ ಇತ್ತು. ಲಂಡನ್ನಿಗೆ ಹಡಗು ಹೋಗಬೇಕಿತ್ತು. ಅಟ್ಲಾಂಟಿಕ್ ಸಾಗರದ ತಳದಲ್ಲಿ ಬಾಳಿಕೆಯ ಕೇಬಲ್ ಬಿದ್ದದ್ದು ಮರುವರ್ಷ, 1866ರಲ್ಲಿ.

ತಂತಿ ಇದ್ದ ಕಡೆ ಗಂಟೆಗಳ ಲೆಕ್ಕ. ತಂತಿ ಇಲ್ಲದ ಕಡೆ ದಿನಗಳ ಲೆಕ್ಕ.

ಈಗ ಕ್ಯಾಲೆಂಡರನ್ನ ಮೂರು ತಿಂಗಳು ಮುಂದಕ್ಕೆ ತಿರುಗಿಸಿ. ಅದೇ 1865ರ ಜುಲೈ 25. ಅಮೆರಿಕದ ಪೇಟೆಂಟ್ ಕಚೇರಿಯಲ್ಲಿ 48,906ನೇ ನಂಬರಿನ ಪೇಟೆಂಟ್ ದಾಖಲಾಯಿತು. ಪಡೆದವನ ಹೆಸರು ಲೂಯಿಸ್ ಕಾವೆಟ್. ನ್ಯೂಯಾರ್ಕಿನವನು. ಕಸುಬಿನಿಂದ ಬಡಗಿ. ಅವನು ಹೊಸ ಮಷಿನ್ ಕಂಡುಹಿಡಿದಿರಲಿಲ್ಲ, ಹೊಸ ಬ್ಯಾಟರಿಯನ್ನೂ ಅಲ್ಲ. ಟೆಲಿಗ್ರಾಫ್ ಕಂಬದ ಮೇಲೆ ಕೂರಿಸ್ತಾರಲ್ಲ, ಗಾಜಿನ ಬಟ್ಟಲಿನಂಥ ಇನ್ಸುಲೇಟರ್, ಅದರ ಹೊಟ್ಟೆಯೊಳಗೆ ತಿರುಪಿನ ಸುತ್ತು ಇರಲಿ ಅಂದಿದ್ದ. ನಮ್ಮ ಮೆಕ್ಯಾನಿಕ್‌ಗಳ ಭಾಷೆಯಲ್ಲಿ ಹೇಳೋದಾದ್ರೆ, ಒಳಗೆ ಥ್ರೆಡ್ಡು ಇರಲಿ ಅಂದಿದ್ದ.

ಅಷ್ಟೇನಾ ಅಂತ ಕೇಳ್ತೀರಿ. ಅಷ್ಟೇ. ಆದ್ರೆ ಆ ಅಷ್ಟೇ ಅನ್ನೋದರ ಹಿಂದೆ ಎಷ್ಟು ಬೆವರು ಇದೆ ಅನ್ನೋದೇ ಇವತ್ತಿನ ಕಥೆ.

ಮೊದಲು ಒಂದು ಸಣ್ಣ ಪಾಠ. ಬೇಜಾರು ಮಾಡ್ಕೋಬೇಡಿ, ಎರಡೇ ನಿಮಿಷ. ನಮ್ಮ ಮನೆಯ ಕರೆಂಟಿಗೆ ಎರಡು ವೈರ್ ಬೇಕು, ಒಂದು ಹೋಗೋಕೆ, ಇನ್ನೊಂದು ಬರೋಕೆ. ಆ ಕಾಲದ ಟೆಲಿಗ್ರಾಫ್‌ಗೆ ಇದ್ದದ್ದು ಒಂದೇ ತಂತಿ. ಹೋಗೋಕೆ ತಂತಿ, ವಾಪಸ್ ಬರೋಕೆ ಭೂಮಿತಾಯಿ! ಬ್ಯಾಟರಿಯ ಒಂದು ತುದಿ ತಂತಿಗೆ, ಇನ್ನೊಂದು ತುದಿ ನೆಲಕ್ಕೆ. ದೂರದ ಊರಿನಲ್ಲೂ ಯಂತ್ರದ ಒಂದು ತುದಿ ತಂತಿಗೆ, ಇನ್ನೊಂದು ನೆಲಕ್ಕೆ. ಖರ್ಚು ಅರ್ಧಕ್ಕರ್ಧ ಉಳೀತು. ಆದ್ರೆ ಒಂದು ಅಪಾಯ ಇತ್ತು. ದಾರಿಯಲ್ಲಿ ಎಲ್ಲಾದರೂ ಆ ತಂತಿ ಒದ್ದೆ ಕಂಬಕ್ಕೆ ತಾಗಿದರೆ, ಕರೆಂಟು ಮುಂದಿನ ಊರಿಗೆ ಹೋಗೋ ಕಷ್ಟ ಯಾಕೆ ಪಡಬೇಕು? ಅಲ್ಲೇ ಕಂಬದಿಂದ ನೆಲಕ್ಕಿಳಿದು ಮನೆಗೆ ವಾಪಸ್ಸು.

ಹಾಗಾಗಿ ತಂತಿಗೂ ಕಂಬಕ್ಕೂ ನಡುವೆ ಕರೆಂಟು ಹರಿಯದ ವಸ್ತು ಬೇಕು. ಗಾಜು ಅಥವಾ ಪಿಂಗಾಣಿ. ಅದೇ ಇನ್ಸುಲೇಟರ್. ಒಂದು ಮೈಲಿಗೆ ಮೂವತ್ತು ಕಂಬ ಅಂದ್ಕೊಳ್ಳಿ, ನೂರು ಮೈಲಿಗೆ ಮೂರು ಸಾವಿರ ಕಂಬ. ಒಂದೊಂದು ಕಂಬದಲ್ಲೂ ಹನಿ ಹನಿ ಸೋರಿದರೆ ಏನಾಗುತ್ತೆ? ತೂತು ಬಿದ್ದ ನೀರಿನ ಪೈಪಿನ ಗತಿ. ಟ್ಯಾಂಕ್ ತುಂಬಿದೆ, ಕೊನೇ ಮನೆಯ ನಲ್ಲಿಯಲ್ಲಿ ಗಾಳಿ ಬರ್ತಿದೆ.

ಈ ಪಾಠವನ್ನ ಅಮೆರಿಕ ಕಲಿತದ್ದು ಏಟು ತಿಂದೇ. 1843ರಲ್ಲಿ ಅಲ್ಲಿನ ಸಂಸತ್ತು ಸ್ಯಾಮ್ಯುಯೆಲ್ ಮೋರ್ಸ್‌ಗೆ 30,000 ಡಾಲರ್ ಕೊಟ್ಟಿತು. ವಾಷಿಂಗ್ಟನ್‌ನಿಂದ ಬಾಲ್ಟಿಮೋರ್‌ವರೆಗೆ, ಸುಮಾರು ನಲವತ್ತು ಮೈಲಿ ತಂತಿ ಎಳೆದು ತೋರಿಸಪ್ಪ ಅಂತ. ಮೋರ್ಸ್ ತಂತಿಯನ್ನ ಸೀಸದ ಕೊಳವೆಯೊಳಗೆ ಇಟ್ಟು ನೆಲದಡಿ ಹೂಳೋಕೆ ಹೊರಟರು. ಹೂಳೋಕೆ ಅಂತಲೇ ವಿಶೇಷ ನೇಗಿಲು ಮಾಡಿಕೊಟ್ಟವನು ಎಜ್ರಾ ಕಾರ್ನೆಲ್. ಕೆಲವು ಮೈಲಿ ಹೂತ ಮೇಲೆ ಪರೀಕ್ಷೆ ಮಾಡಿದ್ರು. ಒಳಗಿನ ತಂತಿಗೆ ಸರಿಯಾದ ಹೊದಿಕೆ ಇಲ್ಲ, ಕರೆಂಟೆಲ್ಲ ಸೋರಿಹೋಗ್ತಿದೆ. ಸರ್ಕಾರದ ದುಡ್ಡಿನಲ್ಲಿ ಹೆಚ್ಚಿನ ಪಾಲು ಆಗಲೇ ಖರ್ಚಾಗಿತ್ತು.

ಇಲ್ಲೊಂದು ಸ್ವಾರಸ್ಯ ಇದೆ. ಸುದ್ದಿಮನೆಯವನಾದ ನನಗೆ ಬಹಳ ಇಷ್ಟವಾದ ಪ್ರಸಂಗ. ಕೆಲಸ ನಿಲ್ಲಿಸಬೇಕು, ಆದ್ರೆ ಸೋತಿದ್ದು ಪತ್ರಿಕೆಯವರಿಗೆ ಗೊತ್ತಾಗಬಾರದು. ಏನು ಮಾಡೋದು? ಕಾರ್ನೆಲ್ ಸೀದಾ ಹೋಗಿ ನೇಗಿಲನ್ನ ಬಂಡೆಗೆ ಗುದ್ದಿಸಿ ಮುರಿದುಹಾಕಿದನಂತೆ. ನೇಗಿಲು ಮುರೀತು, ಅದಕ್ಕೆ ಕೆಲಸ ನಿಂತಿದೆ ಅಂತ ಹೊರಗೆ ಸುದ್ದಿ. ಜಗತ್ತಿಗೆ ಮಿಂಚಿನ ವೇಗದ ಸುದ್ದಿ ಕೊಡೋಕೆ ಹೊರಟ ಯೋಜನೆ ಶುರುವಾಗಿದ್ದೇ ಸುದ್ದಿಯನ್ನ ಮುಚ್ಚಿಡೋದರಿಂದ! ಆಮೇಲೆ ನೆಲ ಬಿಟ್ಟು ಆಕಾಶಕ್ಕೆ ಬಂದರು. ಕಂಬ ನೆಟ್ಟರು, ತಂತಿ ಕಂಬವನ್ನ ಮುಟ್ಟೋ ಕಡೆ ಗಾಜು ಇಟ್ಟರು. 1844ರ ಮೇ 24ರಂದು ಮೊದಲ ಅಧಿಕೃತ ಸಂದೇಶ ಹೋಯಿತು. ಮೋರ್ಸ್ ಜಗತ್ಪ್ರಸಿದ್ಧನಾದ. ಕಾರ್ನೆಲ್ ಟೆಲಿಗ್ರಾಫ್‌ನಿಂದ ದೊಡ್ಡ ಶ್ರೀಮಂತನಾದ. ಅವನ ಹೆಸರಿನ ಕಾರ್ನೆಲ್ ವಿಶ್ವವಿದ್ಯಾಲಯ ಹುಟ್ಟಿದ್ದು ಯಾವ ವರ್ಷ ಗೊತ್ತಾ? 1865. ನಮ್ಮ ಬಡಗಿ ಪೇಟೆಂಟ್ ಪಡೆದ ವರ್ಷವೇ.

ಗಾಜು ಬಂತು, ಸರಿ. ಆ ಗಾಜನ್ನ ಕಂಬಕ್ಕೆ ಹಿಡಿಸೋದು ಹೇಗೆ? ಕಂಬದ ಅಡ್ಡಪಟ್ಟಿಯ ಮೇಲೆ ಒಂದು ಮರದ ಗೂಟ ನಿಲ್ಲಿಸ್ತಿದ್ರು. ಅದರ ತಲೆಗೆ ಗಾಜಿನ ಬಟ್ಟಲನ್ನ ಬೋರಲು ಹಾಕ್ತಿದ್ರು. ಬಟ್ಟಲಿನ ಪಕ್ಕದ ಕಚ್ಚಿನಲ್ಲಿ ತಂತಿ ಕಟ್ಟೋದು. ಬೋರಲು ಯಾಕೆ? ಅದು ಕೊಡೆ ಇದ್ದ ಹಾಗೆ. ಮಳೆಯಲ್ಲಿ ಹೊರಮೈ ನೆನೆದರೂ ಒಳಮೈ ಒಣಗಿರಬೇಕು. ಒದ್ದೆ ಗಾಜಿನ ಮೇಲಿನ ನೀರಿನ ಪದರದಲ್ಲೂ ಕರೆಂಟು ಜಾರಿಕೊಂಡು ಹೋಗುತ್ತೆ. ಒಳಗಿನ ಆ ಒಣ ಜಾಗವೇ ಅದಕ್ಕೆ ತಡೆ.

ಒಳಗಿನ ಗುಂಡಿ ಮಾತ್ರ ನುಣ್ಣಗಿತ್ತು. ಕೋಲಿನ ತುದಿಗೆ ಟೋಪಿ ಸಿಕ್ಕಿಸಿದ ಹಾಗೆ. ಹಿಡಿತ ಏನೂ ಇಲ್ಲ. ಕೆಲವು ಕಡೆ ಡಾಂಬರು ಬಳಿದರು, ಕೆಲವು ಕಡೆ ಬಟ್ಟೆ ಸುತ್ತಿ ಬಿಗಿ ಮಾಡಿದರು. ಗಾಳಿಗೆ ತಂತಿ ಅಲುಗಾಡುತ್ತೆ, ಅಲುಗಾಡಿ ಅಲುಗಾಡಿ ಬಟ್ಟಲು ಸಡಿಲ ಆಗುತ್ತೆ. ಇನ್ನೂ ದೊಡ್ಡ ಕಷ್ಟ ತಗ್ಗಿನ ಕಂಬದ್ದು. ಎರಡು ದಿಬ್ಬದ ಮೇಲೆ ಎರಡು ಕಂಬ, ನಡುವಿನ ಹಳ್ಳದಲ್ಲಿ ಒಂದು ಕಂಬ ಇದೆ ಅಂದ್ಕೊಳ್ಳಿ. ಹಳ್ಳದ ಕಂಬದ ಮೇಲೆ ತಂತಿ ಕೆಳಕ್ಕೆ ಒತ್ತೋದಿಲ್ಲ, ಮೇಲಕ್ಕೆ ಜಗ್ಗುತ್ತೆ. ಚಳಿಗಾಲ ಬಂದರೆ ಲೋಹ ಕುಗ್ಗಿ ತಂತಿ ಇನ್ನೂ ಬಿಗಿಯಾಗುತ್ತೆ. ಒಂದು ದಿನ ಟಪ್ ಅಂತ ಟೋಪಿ ಕಳಚಿಕೊಳ್ಳುತ್ತೆ. ಗಾಜಿನ ಸಮೇತ ತಂತಿ ಗಾಳಿಯಲ್ಲಿ ಓಲಾಡಿ ಅಡ್ಡಪಟ್ಟಿಗೆ ಬಡಿಯುತ್ತೆ. ಕಂಬ ಒದ್ದೆ ಇದ್ದರೆ ಸುದ್ದಿ ಅಲ್ಲೇ ಮಣ್ಣುಪಾಲು.

ಆಮೇಲೆ? ಒಬ್ಬ ಮನುಷ್ಯ ಹೊರಡಬೇಕು. ಯಾವ ಕಂಬ ಅಂತ ಯಾರಿಗೂ ಗೊತ್ತಿಲ್ಲ. ಹಿಮದಲ್ಲಿ, ಮಳೆಯಲ್ಲಿ, ಕುದುರೆ ಮೇಲೋ ಕಾಲ್ನಡಿಗೆಯಲ್ಲೋ ಒಂದೊಂದೇ ಕಂಬ ನೋಡ್ತಾ ಮೈಲಿಗಟ್ಟಲೆ ಹೋಗಬೇಕು. ಹತ್ತಬೇಕು, ಟೋಪಿ ಮತ್ತೆ ಹಾಕಬೇಕು. ನಾಳೆ ಇನ್ನೊಂದು ಕಂಬದಲ್ಲಿ ಅದೇ ಕಥೆ.

ಇಲ್ಲಿ ನೀವು ನನ್ನನ್ನ ತಡೆದು ಕೇಳಬಹುದು. ‘ಅಲ್ಲ ಸ್ವಾಮಿ, ಲಿಂಕನ್ ಸಾವಿನ ಸುದ್ದಿ ಒಂದೇ ದಿನದಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಮುಟ್ಟಿತು ಅಂದ್ರಿ. ಆಗ ಈ ತಿರುಪು ಇನ್ನೂ ಪೇಟೆಂಟೇ ಆಗಿರಲಿಲ್ಲವಲ್ಲ?’ ನ್ಯಾಯವಾದ ಪ್ರಶ್ನೆ. ಹೌದು, ಆ ಸುದ್ದಿ ಹೋದದ್ದು ನುಣ್ಣನೆ ಗುಂಡಿಯ ಇನ್ಸುಲೇಟರುಗಳ ಮೇಲೇ. ಪೂರ್ವ ಪಶ್ಚಿಮಗಳನ್ನ ಜೋಡಿಸಿದ ಆ ಲೈನು ಪೂರ್ಣ ಆದದ್ದು 1861ರ ಅಕ್ಟೋಬರ್ 24ಕ್ಕೆ. ಎರಡೇ ದಿನಕ್ಕೆ, ಕುದುರೆ ಸವಾರರು ಟಪಾಲು ಒಯ್ತಿದ್ದ ಪೋನಿ ಎಕ್ಸ್‌ಪ್ರೆಸ್ ಬಾಗಿಲು ಹಾಕಿತು. ಅಂದ್ರೆ ತಿರುಪಿಲ್ಲದೆಯೂ ತಂತಿ ಕೆಲಸ ಮಾಡ್ತಿತ್ತು. ಆದ್ರೆ ಅದನ್ನ ಕೆಲಸ ಮಾಡಿಸ್ತಿದ್ದದ್ದು ದಾರಿಯುದ್ದಕ್ಕೂ ನಿಂತ ಆ ಮನುಷ್ಯರ ಕಾಲು. ಗಾಜಿನಲ್ಲಿ ಇಲ್ಲದ ಹಿಡಿತವನ್ನ ಅವರು ತಮ್ಮ ಮೈಮುರಿದು ತುಂಬ್ತಿದ್ರು.

ಕಾವೆಟ್ ಹೇಳಿದ್ದು ಇಷ್ಟೇ. ಗೂಟದ ತಲೆಗೆ ಹೊರಗಡೆ ತಿರುಪು ಕೊರೆಯಿರಿ, ಗಾಜಿನ ಗುಂಡಿಗೆ ಒಳಗಡೆ ತಿರುಪು ಮಾಡಿ, ಬಟ್ಟಲನ್ನ ಗೂಟಕ್ಕೆ ತಿರುಗಿಸಿ ಕೂರಿಸಿ. ತಂತಿ ಎಷ್ಟೇ ಮೇಲಕ್ಕೆ ಜಗ್ಗಿದರೂ ಬರೋದಿಲ್ಲ, ಯಾಕಂದ್ರೆ ಬರಬೇಕಾದ್ರೆ ತಿರುಗಬೇಕು. ಪಕ್ಕದಲ್ಲಿ ತಂತಿ ಕಟ್ಟಿರೋದರಿಂದ ಅದು ತಿರುಗೋಕೆ ಆಗಲ್ಲ. ಅದನ್ನ ಸಡಿಲ ಮಾಡೋಕೆ ಹೊರಟ ತಂತಿಯೇ ಅದಕ್ಕೆ ಬೀಗ! ಮರಕ್ಕೆ ತಿರುಪು ಕೊರೆಯೋದು ಬಡಗಿಗೆ ಹೊಸದಲ್ಲ. ಮರದ ತಿರುಪಿನ ಬಿಗಿಪಟ್ಟು ಅವನ ಕೆಲಸದ ಬೆಂಚಿನ ಮೇಲೇ ಇರುತ್ತೆ.

ಆದ್ರೆ ಗಾಜು ಮರ ಅಲ್ಲ. ಅಸಲಿ ಸವಾಲು ಶುರುವಾಗೋದು ಇಲ್ಲಿಂದ.

ಮನೆಯಲ್ಲಿ ಇಡ್ಲಿ ಮಾಡ್ತೀರಲ್ಲ, ಆ ತಟ್ಟೆಯ ಗುಳಿ ಗಮನಿಸಿ. ಮೇಲೆ ಅಗಲ, ಕೆಳಗೆ ಕಿರಿದು. ಅದಕ್ಕೇ ಇಡ್ಲಿ ಸಲೀಸಾಗಿ ಎದ್ದುಬರುತ್ತೆ. ಅದೇ ಗುಳಿಯ ಗೋಡೆಯಲ್ಲಿ ಸುತ್ತಲೂ ಒಂದು ತೋಡು ಇದ್ದಿದ್ರೆ? ಇಡ್ಲಿಯ ಅಂಚು ಅದರೊಳಗೆ ಸಿಕ್ಕಿಕೊಳ್ಳುತ್ತೆ, ಎಳೆದರೆ ಹರಿಯುತ್ತೆ. ಅಚ್ಚಿನ ಕೆಲಸ ಮಾಡೋರಿಗೆಲ್ಲ ಇದು ಮೊದಲ ನಿಯಮ. ಅಚ್ಚಿನಲ್ಲಿ ಹಾಕೋದು ಸುಲಭ, ತೆಗೆಯೋದೇ ಕಷ್ಟ.

ಹೊರಗಡೆ ತಿರುಪು ಬೇಕಿದ್ದರೆ ಒಂದು ಉಪಾಯ ಇದೆ. ಅಚ್ಚನ್ನ ಎರಡು ಹೋಳು ಮಾಡಿ, ಪುಸ್ತಕದ ಹಾಗೆ ಬಿಡಿಸಿಬಿಟ್ಟರೆ ಆಯ್ತು. ಬಾಟಲಿಯ ಕತ್ತಿನ ಹೊರಗಿನ ಸುತ್ತನ್ನ ಹಾಗೇ ಮಾಡಬಹುದು. ಆದ್ರೆ ಒಳಗಿನ ತಿರುಪು? ಅಚ್ಚಿನ ಭಾಗ ಗಾಜಿನ ಹೊಟ್ಟೆಯೊಳಗಿದೆ. ಅಲ್ಲಿ ಹೋಳು ಮಾಡಿ ಬಿಡಿಸೋಕೆ ಜಾಗ ಎಲ್ಲಿದೆ? ನೇರವಾಗಿ ಎಳೆದರೆ ಈಗಷ್ಟೇ ಮೂಡಿದ ಸುತ್ತುಗಳೆಲ್ಲ ಕಿತ್ತುಕೊಂಡು ಬರ್ತಾವೆ. ಇವತ್ತಿನ ಕೆಲವು ಪ್ಲಾಸ್ಟಿಕ್ ಮುಚ್ಚಳಗಳನ್ನ ಅಚ್ಚಿನಿಂದ ಹಾಗೇ ತಳ್ಳಿ ಕಿತ್ತುಬಿಡ್ತಾರೆ. ಪ್ಲಾಸ್ಟಿಕ್ ಕ್ಷಣಕಾಲ ಹಿಗ್ಗಿ ಮತ್ತೆ ಮೊದಲಿನ ಹಾಗೆ ಆಗುತ್ತೆ. ಗಾಜಿಗೆ ಆ ಭಾಗ್ಯ ಇಲ್ಲ. ಅದು ಬಗ್ಗೋದಿಲ್ಲ, ಒಡೆಯುತ್ತೆ.

ಹಾಗಾಗಿ ಇರೋದು ಒಂದೇ ದಾರಿ. ತಿರುಗಿಸಿ ಹೊರಗೆ ತೆಗೆಯಬೇಕು.

ಕಾರ್ಖಾನೆಯ ಒಳಗೆ ಹೋಗೋಣ ಬನ್ನಿ. ಕುಲುಮೆಯಲ್ಲಿ ಗಾಜು ಜೇನುತುಪ್ಪದ ಹಾಗೆ ಕರಗಿದೆ. ಒಬ್ಬ ಕೆಲಸಗಾರ ಕಬ್ಬಿಣದ ಸಲಾಕೆಯ ತುದಿಗೆ ಒಂದು ಉಂಡೆ ಸುತ್ತಿ ತರ್ತಾನೆ. ಅದನ್ನ ಕಬ್ಬಿಣದ ಅಚ್ಚಿನ ಮೇಲೆ ಹಿಡೀತಾನೆ, ಬೇಕಾದಷ್ಟು ಇಳಿದ ಕೂಡಲೇ ಕತ್ತರಿಯಿಂದ ಕತ್ತರಿಸ್ತಾರೆ. ಅಳತೆಗೆ ತಕ್ಕಡಿ ಇಲ್ಲ, ಕಣ್ಣೇ ತಕ್ಕಡಿ. ಮೇಲಿನಿಂದ ಒತ್ತುಯಂತ್ರ ಇಳಿಯುತ್ತೆ. ಅದರ ತುದಿಯಲ್ಲಿ ತಿರುಪು ಕೊರೆದ ಒಂದು ಕಬ್ಬಿಣದ ಕಡ್ಡಿ. ಒತ್ತಿದ ರಭಸಕ್ಕೆ ಗಾಜು ಕಡ್ಡಿಯ ಸುತ್ತುಗಳೊಳಗೆಲ್ಲ ತುಂಬಿಕೊಳ್ಳುತ್ತೆ. ಒತ್ತುಯಂತ್ರ ಮೇಲಕ್ಕೆ ಹೋಗುತ್ತೆ, ಕಡ್ಡಿಯನ್ನ ಗಾಜಿನೊಳಗೇ ಬಿಟ್ಟು. ಆಮೇಲೆ ಆ ಕಡ್ಡಿಯನ್ನ ಕೈಯಲ್ಲಿ ತಿರುಗಿಸಿ ತೆಗೀಬೇಕು.

ಯಾವಾಗ? ಇಡೀ ಗುಟ್ಟು ಇರೋದು ಇಲ್ಲೇ ನೋಡಿ. ಬೇಗ ತಿರುಗಿಸಿದರೆ ಗಾಜು ಇನ್ನೂ ಮೆತ್ತಗಿದೆ, ಸುತ್ತುಗಳು ಕಡ್ಡಿಯ ಜೊತೆಗೇ ಕಲಸಿಹೋಗ್ತಾವೆ. ತಡ ಮಾಡಿದರೆ ಗಾಜು ತಣಿದು ಕುಗ್ಗುತ್ತೆ, ಕಡ್ಡಿಯನ್ನ ಉಡದ ಹಾಗೆ ಕಚ್ಚಿ ಹಿಡಿಯುತ್ತೆ. ಆಗ ತಿರುಗಿಸಿದರೆ ಗಾಜಿಗೆ ಬಿರುಕು. ಬೇಗಕ್ಕೂ ತಡಕ್ಕೂ ನಡುವೆ ಇರೋದು ಕೆಲವೇ ಸೆಕೆಂಡು. ಅಡುಗೆ ಗೊತ್ತಿರೋರಿಗೆ ಇದು ಅರ್ಥ ಆಗುತ್ತೆ. ಪಾಕ ಒಂದೆಳೆಗೆ ಬಂತಾ ಎರಡೆಳೆಗೆ ಬಂತಾ ಅಂತ ಬೆರಳಿಗೆ ಗೊತ್ತಾಗುತ್ತಲ್ಲ, ಗಡಿಯಾರಕ್ಕೆ ಗೊತ್ತಾಗಲ್ಲ. ಇಲ್ಲೂ ಹಾಗೇ. ಗಾಜಿನ ಬಣ್ಣ ನೋಡಿ, ಕಡ್ಡಿಯ ಬಿಗಿ ನೋಡಿ ಆ ಕೈ ತೀರ್ಮಾನ ಮಾಡಬೇಕಿತ್ತು.

ಅಷ್ಟಕ್ಕೇ ಮುಗೀಲಿಲ್ಲ. ಬಿಸಿ ಇನ್ಸುಲೇಟರನ್ನ ಹಾಗೇ ಹೊರಗಿಟ್ಟರೆ ಹೊರಮೈ ಬೇಗ ತಣಿದು, ಒಳಮೈ ನಿಧಾನಕ್ಕೆ ತಣಿದು, ಒಳಗೊಳಗೇ ಜಗ್ಗಾಟ ಶುರುವಾಗುತ್ತೆ. ಅದಕ್ಕೇ ಅದನ್ನ ಇನ್ನೊಂದು ಗೂಡಿಗೆ ಹಾಕಿ ಗಂಟೆಗಟ್ಟಲೆ ನಿಧಾನವಾಗಿ ತಣಿಸಬೇಕು. ಇಲ್ಲದಿದ್ರೆ ಕಂಬ ಹತ್ತಿದ ಮೇಲೆ ಒಂದು ಚಳಿ ರಾತ್ರಿ ತಾನಾಗೇ ಸೀಳಿಹೋಗುತ್ತೆ.

ತಿರುಪಿನ ಆಕಾರದಲ್ಲೂ ಒಂದು ಬುದ್ಧಿವಂತಿಕೆ ಇದೆ. ಗಡಿಯಾರದ ಸ್ಕ್ರೂನಂತೆ ಸಣ್ಣ, ಚೂಪಾದ ಸುತ್ತು ಇಲ್ಲಿ ನಡೆಯಲ್ಲ. ಗಾಜಿನಲ್ಲಿ ಚೂಪು ಮೂಲೆ ಇದ್ದರೆ ಬಿರುಕು ಶುರುವಾಗೋದೇ ಅಲ್ಲಿಂದ. ಹಾಗಾಗಿ ದಪ್ಪ, ದುಂಡನೆಯ ಸುತ್ತು. ಅಮೆರಿಕದಲ್ಲಿ ಮುಂದೆ ರೂಢಿಗೆ ಬಂದ ಅಳತೆ ಒಂದು ಇಂಚಿಗೆ ನಾಲ್ಕೇ ಸುತ್ತು. ಗೂಟ ಮರದ್ದಾಗಿದ್ದೂ ಒಳ್ಳೇದೇ ಆಯ್ತು. ಮರ ಸ್ವಲ್ಪ ಮೆತ್ತಗೆ, ಗಾಜಿನ ಅಂಕುಡೊಂಕಿಗೆ ಅದು ಹೊಂದಿಕೊಳ್ಳುತ್ತೆ, ಅಲುಗಾಟದ ಪೆಟ್ಟನ್ನ ತಾನು ತಗೊಳ್ಳುತ್ತೆ.

ಈಗ ಹೇಳಿ, ಕಾವೆಟ್‌ನ ಐಡಿಯಾ ದೊಡ್ಡದೋ, ಆ ಐಡಿಯಾವನ್ನ ದಿನಕ್ಕೆ ನೂರಾರು ಸಲ ಗಾಜಿನಲ್ಲಿ ಮೂಡಿಸಿದ ಕೈ ದೊಡ್ಡದೋ? ಕಾಗದದ ಮೇಲೆ ತಿರುಪು ಬರೆಯೋಕೆ ಒಂದು ಪೆನ್ಸಿಲ್ ಸಾಕು. ಅದನ್ನ ಕಂಬದ ಮೇಲೆ ಕೂರಿಸೋಕೆ ವರ್ಷಗಳೇ ಬೇಕಾಯ್ತು. ಕಾವೆಟ್‌ನ ಪೇಟೆಂಟಿನ ಹಕ್ಕು ಬ್ರೂಕ್‌ಲಿನ್ನಿನಲ್ಲಿ ಬುಷ್‌ವಿಕ್ ಗಾಜಿನ ಕಾರ್ಖಾನೆ ನಡೆಸ್ತಿದ್ದ ಬ್ರೂಕ್‌ಫೀಲ್ಡ್ ಮನೆತನದ ಕೈಸೇರಿತು. ಇಂಥ ಇನ್ಸುಲೇಟರ್ ಒತ್ತುವ ಯಂತ್ರಕ್ಕೆ ಜೇಮ್ಸ್ ಬ್ರೂಕ್‌ಫೀಲ್ಡ್ ಪೇಟೆಂಟ್ ಪಡೆದದ್ದು 1870ರ ಜನವರಿ 25ಕ್ಕೆ. ಕೆಂಟುಕಿಯ ಕವಿಂಗ್ಟನ್ ಊರಿನ ರಾಬರ್ಟ್ ಹೆಮಿಂಗ್ರೇ ಇನ್ಸುಲೇಟರ್ ಅಚ್ಚಿನ ಬಗ್ಗೆ ತನ್ನದೇ ಪೇಟೆಂಟ್ ಪಡೆದದ್ದು 1871ರ ಡಿಸೆಂಬರ್ 19ಕ್ಕೆ. ಲೆಕ್ಕ ಹಾಕಿ. ತಿರುಪು ಇರಲಿ ಅಂದದ್ದು 1865. ಆ ತಿರುಪನ್ನ ಗಾಜಿನಲ್ಲಿ ಒತ್ತೋದು ಹೇಗೆ ಅನ್ನೋ ಜಗಳ ಐದಾರು ವರ್ಷವಾದ ಮೇಲೂ ನಡೀತಾನೇ ಇದೆ.

ಹೆಮಿಂಗ್ರೇ ಕಂಪನಿ ಆಮೇಲೆ ಇಂಡಿಯಾನಾ ರಾಜ್ಯದ ಮನ್ಸಿ ಊರಿಗೆ ಕಾರ್ಖಾನೆ ವಿಸ್ತರಿಸಿತು. ಅಂಚಿನಿಂದ ಮಳೆಹನಿ ಬೇಗ ಉದುರಲಿ ಅಂತ ಬಟ್ಟಲಿನ ಬಾಯಿಯ ಸುತ್ತ ಹಲ್ಲಿನ ಸಾಲಿನಂಥ ಮೊನೆಗಳನ್ನ ಕೊಟ್ಟು 1893ರ ಮೇ 2ಕ್ಕೆ ಅದಕ್ಕೂ ಪೇಟೆಂಟ್ ಪಡೆದರು. ಹೀಗೆ ಒಂದು ಸಣ್ಣ ಬಟ್ಟಲಿನ ಹೊರಗೆ, ಒಳಗೆ, ಅಂಚಿಗೆ, ಎಲ್ಲದಕ್ಕೂ ಒಬ್ಬೊಬ್ಬ ಒಡೆಯ.

ಆ ಕಾಲದ ಗಾಜಿನ ಕಾರ್ಖಾನೆಗಳಲ್ಲಿ ಇನ್ನೂ ಯಾರಿದ್ರು? ಮಕ್ಕಳು. ಇದು ಇನ್ಸುಲೇಟರ್ ಮಾಡುವವರ ಮೇಲಿನ ದೂರಲ್ಲ, ಅಮೆರಿಕದ ಗಾಜಿನ ಉದ್ಯಮವೇ ಹಾಗಿತ್ತು. ಬಿಸಿ ಸಾಮಾನು ಹೊತ್ತು ತಣಿಸುವ ಗೂಡಿಗೆ ಓಡೋದು, ಅಚ್ಚು ತೆರೆಯೋದು ಮುಚ್ಚೋದು, ಹೀಗೆ ಹುಡುಗರಿಗೆ ಹಗಲೂ ರಾತ್ರಿ ಕೆಲಸ. 1908ರಲ್ಲಿ ಲೂಯಿಸ್ ಹೈನ್ ಅನ್ನೋ ಛಾಯಾಗ್ರಾಹಕ ಇಂಡಿಯಾನಾದ ಗಾಜಿನ ಕಾರ್ಖಾನೆಗೆ ನಡುರಾತ್ರಿ ಹೋಗಿ ತೆಗೆದ ಚಿತ್ರಗಳು ಇವತ್ತಿಗೂ ಇವೆ. ಕುಲುಮೆಯ ಬೆಳಕಿನಲ್ಲಿ ನಿಂತ ಆ ಹುಡುಗರ ಮುಖ ಒಮ್ಮೆ ನೋಡಿ. ಬಾಲಕಾರ್ಮಿಕ ಪದ್ಧತಿ ವಿರುದ್ಧ ಅಮೆರಿಕ ಎದ್ದು ಕೂರೋದಕ್ಕೆ ಇಂಥ ಚಿತ್ರಗಳೂ ಕಾರಣ. ಜಗತ್ತಿನ ಸುದ್ದಿಯನ್ನ ಹೊತ್ತ ಗಾಜಿನ ಉದ್ಯಮದಲ್ಲಿ ಆ ಮಕ್ಕಳದ್ದೇ ಒಂದು ದೊಡ್ಡ ಸುದ್ದಿ ಇತ್ತು. ಅದು ಹೊರಗೆ ಬರೋಕೆ ಒಬ್ಬ ಕ್ಯಾಮೆರಾದವನು ಬೇಕಾಯ್ತು.

ಅತ್ತ ಬ್ರಿಟಿಷರು ಹೆಚ್ಚಾಗಿ ನೆಚ್ಚಿಕೊಂಡದ್ದು ಪಿಂಗಾಣಿಯನ್ನ. ಅವರ ಗೂಟ ಕಬ್ಬಿಣದ್ದು. ಬಟ್ಟಲನ್ನ ಅದಕ್ಕೆ ಸಿಮೆಂಟು ಹಾಕಿ ಅಂಟಿಸ್ತಿದ್ರು. ಬಟ್ಟಲು ಒಡೆದರೆ ಗೂಟದ ಸಮೇತ ಬದಲಿಸಬೇಕು. 1870ರ ದಶಕದ ಕೊನೆಗೆ ಕಾರ್ಡೋ ಅನ್ನೋ ಬ್ರಿಟಿಷ್ ಎಂಜಿನಿಯರ್ ಅಲ್ಲೂ ಒಳತಿರುಪು ತಂದ. ಕಬ್ಬಿಣ ಪಿಂಗಾಣಿಯನ್ನ ಒಡೆಯದಿರಲಿ ಅಂತ ನಡುವೆ ಒಂದು ರಬ್ಬರ್ ಬಳೆ. ಒಡೆದ ಬಟ್ಟಲನ್ನ ತಿರುಗಿಸಿ ತೆಗಿ, ಹೊಸದನ್ನ ತಿರುಗಿಸಿ ಹಾಕು, ಮುಗೀತು. ಪಿಂಗಾಣಿಯಲ್ಲಿ ಒಂದು ಅನುಕೂಲ ಇದೆ, ಒಂದು ಅನಾನುಕೂಲ ಇದೆ. ಹಸಿ ಜೇಡಿ ಗಾಜಿನಷ್ಟು ಅವಸರ ಮಾಡಲ್ಲ, ಕಡ್ಡಿಯನ್ನ ನಿಧಾನಕ್ಕೆ ತಿರುಗಿಸಿ ತೆಗೀಬಹುದು. ಆದ್ರೆ ಆಮೇಲೆ ಗೂಡಿನಲ್ಲಿ ಬೇಯುವಾಗ ಅದು ಕುಗ್ಗುತ್ತೆ. ಎಷ್ಟು ಕುಗ್ಗುತ್ತೆ ಅಂತ ಮೊದಲೇ ಲೆಕ್ಕ ಹಾಕಿ ತಿರುಪನ್ನ ಅಷ್ಟು ದೊಡ್ಡದಾಗಿ ಮಾಡಬೇಕು. ಲೆಕ್ಕ ತಪ್ಪಿದರೆ ಬೆಂದು ಬಂದ ಬಟ್ಟಲು ಗೂಟಕ್ಕೆ ಕೂರೋದೇ ಇಲ್ಲ.

ನಮ್ಮ ದೇಶದ ಮಾತಿಗೆ ಬರೋಣ. ಭಾರತದಲ್ಲಿ ತಂತಿ ಎಳೆದವರು ವಿಲಿಯಂ ಒ’ಶಾನೆಸಿ, ವೃತ್ತಿಯಿಂದ ವೈದ್ಯರು! ಕಲ್ಕತ್ತಾದಲ್ಲಿ ಅವರು ಪ್ರಯೋಗ ಮಾಡಿದ್ದು 1839ರಲ್ಲಿ, ಮೋರ್ಸ್‌ನ ಬಾಲ್ಟಿಮೋರ್ ಲೈನಿಗಿಂತ ಐದು ವರ್ಷ ಮುಂಚೆ. 1850ರ ದಶಕದಲ್ಲಿ ಕಲ್ಕತ್ತಾ, ಆಗ್ರಾ, ಮುಂಬಯಿ, ಮದ್ರಾಸುಗಳನ್ನ ಜೋಡಿಸಿದಾಗ ನಮ್ಮ ಬೆಂಗಳೂರಿಗೂ ತಂತಿ ಬಂತು. ಇಲ್ಲಿನ ಕಷ್ಟಗಳೇ ಬೇರೆ. ಮರದ ಕಂಬಕ್ಕೆ ಗೆದ್ದಲು, ತಂತಿಯ ಮೇಲೆ ಹಕ್ಕಿ ಹಿಂಡು, ಜೋತಾಡೋಕೆ ಮಂಗಗಳು. ಅದಕ್ಕೇ ಅವರು ಮೊದಮೊದಲು ತೆಳು ತಂತಿ ಬಿಟ್ಟು ದಪ್ಪನೆಯ ಕಬ್ಬಿಣದ ಸಲಾಕೆಯನ್ನೇ ಎಳೆದರು. ದಕ್ಷಿಣದಲ್ಲಿ ಗ್ರಾನೈಟ್ ಕಲ್ಲಿನ ಕಂಬಗಳನ್ನೂ ನಿಲ್ಲಿಸಿದರು.

ಕನ್ನಡದಲ್ಲಿ ಟೆಲಿಗ್ರಾಂಗೆ ನಾವು ಇಟ್ಟ ಹೆಸರೇ ‘ತಂತಿ’. ‘ತಂತಿ ಬಂದಿದೆ’ ಅಂದ್ರೆ ಸಾಕಿತ್ತು, ಒಡೆದು ಓದೋಕೆ ಮುಂಚೆಯೇ ಮನೆಯಲ್ಲಿ ಅಳು ಶುರು. ಮಗ ಪಾಸಾದ ಸುದ್ದಿಯೂ ಅದರಲ್ಲೇ ಬರ್ತಿತ್ತು, ಅಜ್ಜ ಹೋದ ಸುದ್ದಿಯೂ ಅದರಲ್ಲೇ. ನನ್ನ ವಯಸ್ಸಿನವರು ರೈಲಿನ ಕಿಟಕಿಯಲ್ಲಿ ಕೂತು ಹಳಿ ಪಕ್ಕದ ಕಂಬಗಳನ್ನ ಎಣಿಸಿದವರು. ಆ ಕಂಬಗಳ ಮೇಲೆ ಬಿಳೀ ಬಟ್ಟಲುಗಳ ಸಾಲು ಇರ್ತಿತ್ತಲ್ಲ, ಅದರ ಒಳಗೆ ಏನಿದೆ ಅಂತ ನಾವ್ಯಾರೂ ಕೇಳಲಿಲ್ಲ. ಕೆಲಸಕ್ಕೆ ಹತ್ತಿದ ಮೇಲೆ ತಿರುಪು ಯಾರ ಕಣ್ಣಿಗೂ ಕಾಣೋದಿಲ್ಲ. 2013ರ ಜುಲೈನಲ್ಲಿ ಭಾರತದಲ್ಲಿ ಟೆಲಿಗ್ರಾಂ ಸೇವೆ ನಿಂತಿತು. ಕೊನೆಯ ದಿನ ಕಚೇರಿಗಳ ಮುಂದೆ ಜನ ಸಾಲು ನಿಂತರು. ಕ್ಯಾಮೆರಾ ಹಿಡಿದು ನಾವೂ ಹೋದೆವು. ಮೋರ್ಸ್ ಬಗ್ಗೆ ಎಲ್ಲ ಚಾನೆಲ್‌ನಲ್ಲೂ ಕಾರ್ಯಕ್ರಮ ಬಂತು. ಆ ಬಡಗಿಯ ಹೆಸರನ್ನ ಯಾರೂ ಎತ್ತಲಿಲ್ಲ.

ಅಮೆರಿಕದಲ್ಲಿ ಹಳೇ ಇನ್ಸುಲೇಟರ್ ಸಂಗ್ರಹಿಸೋ ಹುಚ್ಚಿನವರು ಸಾಕಷ್ಟು ಜನ ಇದ್ದಾರೆ. ಒಂದು ಬಟ್ಟಲು ಸಿಕ್ಕಿತು ಅಂದ್ರೆ ಅವರು ಅದನ್ನ ಬೋರಲಿನಿಂದ ಎತ್ತಿ ಒಳ ನೋಡ್ತಾರೆ, ಸುತ್ತು ಇದೆಯಾ ಇಲ್ವಾ ಅಂತ. ಸುತ್ತು ಇಲ್ಲದ, ನುಣ್ಣನೆಯ ಗುಂಡಿಯದ್ದಕ್ಕೇ ಸಾಮಾನ್ಯವಾಗಿ ಬೆಲೆ ಜಾಸ್ತಿ, ಯಾಕಂದ್ರೆ ಅದು ಅಪರೂಪ. ಸುತ್ತು ಇರೋದು ಕಡಿಮೆ ಬೆಲೆಗೂ ಸಿಗುತ್ತೆ, ಯಾಕಂದ್ರೆ ಅದು ಗೆದ್ದು ಎಲ್ಲ ಕಡೆ ಹರಡಿತು. ಇತಿಹಾಸದ ಚೋದ್ಯ ನೋಡಿ. ಬ್ರೂಕ್‌ಫೀಲ್ಡ್ ಕಂಪನಿಯ ಹಳೇ ಬಟ್ಟಲುಗಳ ಮೇಲೆ ಕಾವೆಟ್‌ನ ಹೆಸರು, ‘1865 ಜುಲೈ 25’ ಅನ್ನೋ ತಾರೀಖು ಉಬ್ಬಕ್ಷರದಲ್ಲಿವೆ. ಅಷ್ಟರಮಟ್ಟಿಗೆ ಅವನು ಪುಣ್ಯವಂತ. ಕಡ್ಡಿ ತಿರುಗಿಸಿದ ಕೈಗಳ ಹೆಸರು ಯಾವ ಗಾಜಿನ ಮೇಲೂ ಇಲ್ಲ.

‘ಟೆಲಿಗ್ರಾಫೇ ಹೋಯ್ತಲ್ಲ, ಇನ್ಯಾಕೆ ಈ ಕಥೆ?’ ಅನ್ನಬೇಡಿ. ತಿರುಪು ಹೋಗಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಎಳೆದಾಗ, ಅದು ಸರಪಳಿಯ ಹಾಗೆ ತೂಗುಹಾಕೋ ಇನ್ಸುಲೇಟರ್ ಇನ್ನೂ ಹುಟ್ಟಿರದ ಕಾಲ. ಗೂಟದ ಮೇಲೆ ಬಟ್ಟಲು ಕೂರಿಸೋದೇ ಇದ್ದ ದಾರಿ. ಮುಂದೆ ಮೈಸೂರು ಸರ್ಕಾರವೇ ಬೆಂಗಳೂರಿನಲ್ಲಿ ಪಿಂಗಾಣಿ ಕಾರ್ಖಾನೆ ಕಟ್ಟಿ ಇನ್ಸುಲೇಟರ್ ಮಾಡಿಸಿತು. ಅದು ಮೈಸೂರು ಪೋರ್ಸಲೇನ್ಸ್ ಆಗಿ, ಕೊನೆಗೆ ಬಿಎಚ್‌ಇಎಲ್ ಸೇರಿತು. ಇವತ್ತಿಗೂ ನಿಮ್ಮ ಹಳ್ಳಿಯ ದಾರಿಯಲ್ಲಿ, ನಿಮ್ಮ ಬಡಾವಣೆಯ ಅಂಚಿನಲ್ಲಿ 11 ಕೆವಿ ಲೈನಿನ ಕಂಬ ಇದ್ದರೆ ತಲೆ ಎತ್ತಿ ನೋಡಿ. ಅಡ್ಡಪಟ್ಟಿಯ ಮೇಲೆ ಕಂದು ಬಣ್ಣದ ಪಿಂಗಾಣಿ ಬಟ್ಟಲು ಬೋರಲಾಗಿ ನಿಂತಿರುತ್ತೆ. ಅದರ ಕೆಳಗಿರೋದು ಕಬ್ಬಿಣದ ಗೂಟ. ಗೂಟದ ತಲೆಗೆ ಮೆತ್ತನೆಯ ಸೀಸ, ಪಿಂಗಾಣಿ ಬಿರುಕು ಬಿಡದಿರಲಿ ಅಂತ. ಆ ಸೀಸದಲ್ಲಿ ತಿರುಪು. ನೂರೈವತ್ತು ವರ್ಷದ ಹಿಂದೆ ಮರದ ಗೂಟ ಮಾಡ್ತಿದ್ದ ಕೆಲಸವನ್ನ ಈಗ ಸೀಸ ಮಾಡ್ತಿದೆ.

ಆ ಬಟ್ಟಲು ಸಿಡಿಲಿಗೆ ಒಡೆದಾಗ, ಮಳೆಯಲ್ಲಿ ಬಿರುಕು ಬಿಟ್ಟಾಗ ಏನಾಗುತ್ತೆ? ನಮ್ಮ ಮನೆಯ ಕರೆಂಟು ಹೋಗುತ್ತೆ. ಟೀವಿ ಆಫ್ ಆಗುತ್ತೆ, ನನ್ನ ಮುಖವೂ ಮಾಯ ಆಗುತ್ತೆ. ನಾವು ಫೋನ್ ತಗೊಂಡು ಬೈಯೋಕೆ ಶುರು ಮಾಡ್ತೀವಿ. ಅದೇ ಹೊತ್ತಿಗೆ ಒಬ್ಬ ಲೈನ್‌ಮನ್ ಟಾರ್ಚ್ ಹಿಡಿದು, ಒದ್ದೆ ಗದ್ದೆ ಬದುವಿನ ಮೇಲೆ ಒಂದೊಂದೇ ಕಂಬ ನೋಡ್ತಾ ಹೋಗ್ತಿರ್ತಾನೆ. 1860ರಲ್ಲಿ ಅಮೆರಿಕದ ಹಿಮದಲ್ಲಿ ನಡೆದವನ ಹಾಗೇ. ಲೈನ್ ಆಫ್ ಮಾಡಿದ್ದಾರೆ ಅಂತ ನಂಬಿ ಕಂಬ ಹತ್ತಿದವನು ಹೆಣವಾಗಿ ಇಳಿದ ಸುದ್ದಿಗಳನ್ನ ನಾನೇ ಎಷ್ಟು ಸಲ ಓದಿದ್ದೀನಿ. ಎರಡು ಸಾಲಿನ ಸುದ್ದಿ. ಪರದೆಯ ಕೆಳಗೆ ಓಡಿ ಹೋಗುತ್ತೆ.

ನಾವು ಸುದ್ದಿಯವರು ‘ಮೊದಲು ನಮ್ಮಲ್ಲೇ’ ಅಂತ ಎದೆ ಬಡ್ಕೋತೀವಿ. ಆ ಸುದ್ದಿ ನಿಮ್ಮ ಮನೆಗೆ ಬರೋಕೆ ಎಷ್ಟು ತಿರುಪು, ಎಷ್ಟು ಗೂಟ, ಎಷ್ಟು ಕೈ ಬೇಕಾಯ್ತು ಅಂತ ನಾವು ಹೇಳೋದಿಲ್ಲ, ನೀವು ಕೇಳೋದಿಲ್ಲ. ಮುಂದಿನ ಸಲ ಮಳೆಯಲ್ಲಿ ಕರೆಂಟು ಹೋದಾಗ ಬೈಯಿರಿ, ಬೇಡ ಅನ್ನಲ್ಲ. ಇಲಾಖೆಯನ್ನ ಪ್ರಶ್ನೆ ಮಾಡೋದು ನಿಮ್ಮ ಹಕ್ಕು. ಆ ಪ್ರಶ್ನೆಗಳ ಜೊತೆ ಇನ್ನೊಂದನ್ನೂ ಕೇಳಿ: ಕಂಬ ಹತ್ತಿರೋ ಆ ಹುಡುಗನಿಗೆ ಕೈಗವಸು ಕೊಟ್ಟಿದ್ದೀರಾ?